ಕೂಸಿನ ಪೂರಾ ಫೋಟೊ

ನನ್ನ ಮಗಳು ಚೊಚ್ಚಲ ಬಾಣಂತನಕ್ಕೆಂದು ಗೋಪನಕೊಪ್ಪದ ನಮ್ಮ ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ, ಪಡಸಾಲೆಯ ಕಿಟಕಿಯ ಕೆಳಗೆ ನಾನು ಹೊಲಿದಿಟ್ಟ ಹೊಸ ಕೌದಿ ಹಾಸಿ, ಅದರ ಮೇಲೊಂದು ಸೋರೆಕಾಯಿ ಮಲಗಿಸಿ ಫೋಟೊ ತೆಗೆದದ್ದು. ಒಲೆಯ ಮುಂದಿನಿಂದ ಎದ್ದು ಬಂದು ನೋಡುತ್ತೇನೆ, ತುಂಬಿದ ಹೊಟ್ಟೆ ಹೊತ್ತುಕೊಂಡು ಮೊಣಕಾಲೂರಿ ಕೂತಿದ್ದಾಳೆ. ಹುಟ್ಟಲಿರುವ ಕೂಸಿಗೆಂದು ನಾನು ಖಣದ ಬಟ್ಟೆಯಲ್ಲಿ ಹೊಲಿದಿದ್ದ ಕುಂಚಿಗೆಯನ್ನು ಸೋರೆಕಾಯಿಯ ತಲೆಗೆ ಹಾಕಿದ್ದಾಳೆ. ಸೋರೆಕಾಯಿ ಕುಂಚಿಗೆ ಹಾಕಿಕೊಂಡು, ಬೆನ್ನ ಮೇಲೆ ಅದರ ಜಾಲರಿ ಇಳಿಬಿಟ್ಟುಕೊಂಡು ಗೌಡರ ಮನೆಯ ಕೂಸಿನ ಹಾಗೆ ಮಲಗಿತ್ತು.

"ಏನ ನಡಿಸೀಯವ್ವಾ ಇದು?" ಅಂದೆ.

"ಪ್ರಾಕ್ಟೀಸ್ ಮಾಡಾಕತ್ತೇನಿ. ಕೂಸು ಹುಟ್ಟಿದ ಮ್ಯಾಲೆ ಫೋಟೊ ನಾನಽ ತೆಗಿಯಾಕಿ. ಸ್ಟುಡಿಯೋದವರು ಯಾರೂ ಬ್ಯಾಡ. ಮುಂಜಾನಿ ಬೆಳಕು ಈ ಕಿಡಕ್ಯಾಗ ಎಷ್ಟ ಛಲೋ ಬೀಳತೈತಿ ನೋಡಿಲ್ಲೆ."

"ಹುಟ್ಟಿದ ಕೂಡಲೇ ಫೋಟೊ ಅಂತ! ಐದೇಶಿ ಆಗೂತನಾ ನನ್ನ ಮನ್ಯಾಗ ಕೂಸಿನ ಫೋಟೊ ಯಾರೂ ತೆಗಿಯಂಗಿಲ್ಲ. ಈಗಽ ಹೇಳೇನಿ."

"ಅವ್ವಾ, ನೀ ಸಾಲಿ ಮಾಸ್ತರಬಾಯಿ ಇದ್ದಿ. ನೀನಽ ಹಿಂಗ ಅಂದ್ರ ಹೆಂಗ?"

ಸೋರೆಕಾಯಿಯನ್ನು ಸಂಜೆಗೆ ಪಲ್ಯ ಮಾಡಿ ಹಾಕಿದೆ. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಕಡೆ ಕೂಸು ಹುಟ್ಟಿದ ಐದನೆಯ ದಿನ ಐದೇಶಿ ಮಾಡುತ್ತಾರೆ. ಅಂದು ಶೆಟಿಗೆವ್ವ ತಾಯಿ ಬಂದು ಕೂಸಿನ ಹಣೆಯ ಮೇಲೆ ಅದರ ಬಾಳು ಬರೆದು ಹೋಗುತ್ತಾಳೆ ಎಂದು ನಂಬಿಕೆ. ಅಲ್ಲಿಯತನಕ ಕೂಸನ್ನು ಮುಚ್ಚಿ ಇಡಬೇಕು, ಹೊರಗಿನವರ ಕಣ್ಣು ಬೀಳಬಾರದು, ಯಾರೂ ಬಾಯಿಬಿಟ್ಟು "ಚೆಂದ ಐತಿ" ಅನ್ನಬಾರದು. ಉಪ್ಪಿನಬೆಟಗೇರಿಯಲ್ಲಿ ನನ್ನ ಹಡೆದವ್ವ ನನಗೆ ಹೇಳಿಕೊಟ್ಟದ್ದು ಇಷ್ಟೇ. ಫೋಟೊ ತೆಗೆಯಬಾರದು ಎಂದು ಆಕೆ ಹೇಳಿರಲೇ ಇಲ್ಲ, ಆಗ ನಮ್ಮ ಓಣಿಯಲ್ಲಿ ಕ್ಯಾಮೆರಾ ಎಲ್ಲಿತ್ತು? ಅದನ್ನು ಸೇರಿಸಿದವಳು ನಾನೇ. ಸಾಲಿಯಲ್ಲಿ ಕರಿಹಲಗೆಯ ಮೇಲೆ ಸೂರ್ಯ ಚಂದ್ರರನ್ನು ಬರೆದು ಗ್ರಹಣ ಹೇಗಾಗುತ್ತದೆ ಎಂದು ಮಕ್ಕಳಿಗೆ ಹೇಳಿದವಳು, ಮನೆಗೆ ಬಂದು ಗ್ರಹಣದ ಹೊತ್ತಿಗೆ ಬಸುರಿ ಮಗಳನ್ನು ಬಾಗಿಲು ಹಾಕಿ ಒಳಗೆ ಕೂಡಿಸಿದವಳೂ ಹೌದು. ಎರಡೂ ನಾನೇ. ಯಾರಾದರೂ ನಗುವುದಿದ್ದರೆ ನಗಲಿ.

ಮನೆಯವರು ತೀರಿಕೊಂಡ ಮೇಲೆ ಈ ಮಗಳನ್ನು ಒಬ್ಬಳೇ ಬೆಳೆಸಿದ್ದೇನೆ. ಇಬ್ಬರಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಊಟಕ್ಕೆ ಕೂತಾಗಲೂ ಇದೇ ಜಗಳ. ಆಕೆ ಫೋನಿನಲ್ಲಿ ಯಾವುದೋ ದೇಶದ ಕೂಸುಗಳ ಚಿತ್ರ ತೋರಿಸುತ್ತಿದ್ದಳು. ಒಂದನ್ನು ಬುಟ್ಟಿಯಲ್ಲಿ ಹಾಕಿದ್ದಾರೆ, ಇನ್ನೊಂದನ್ನು ಬಟ್ಟೆಯಲ್ಲಿ ಬಿಗಿದು ಸುತ್ತಿ ಗಲ್ಲಕ್ಕೆ ಕೈ ಕೊಟ್ಟು ಮಲಗಿಸಿದ್ದಾರೆ.

"ಇದೇನ ಕೂಸೋ, ಸಂತ್ಯಾಗಿನ ಬದನೀಕಾಯೋ?" ಅಂದೆ ನಾನು.

"ನಿನಗ ಏನೂ ತಿಳಿಯಂಗಿಲ್ಲ ಬಿಡು," ಎಂದು ಆಕೆ ಮುಖ ತಿರುಗಿಸಿಕೊಂಡು ರೊಟ್ಟಿ ಮುರಿದಳು.

ಎಂಟನೆಯ ತಿಂಗಳು ಆಗಷ್ಟೇ ಹಿಡಿದಿತ್ತು. ಒಂದು ಮುಂಜಾನೆ ಎದ್ದವಳೇ "ಅವ್ವಾ, ತಲಿ ಸಿಡಿಯಾಕತ್ತೇತಿ, ಕಣ್ಣಿಗೆ ಮಂಜು ಕವಿಧಂಗ ಆಗೇತಿ" ಅಂದಳು. ಮುಖ ಊದಿಕೊಂಡಿತ್ತು. ಕಾಲು ನೋಡಿದರೆ ಕಾಲುಂಗುರ ಬೆರಳಿನೊಳಗೆ ಹೂತು ಹೋಗಿತ್ತು. ಅಳಿಯಂದಿರಿಗೆ ಫೋನು ಹಚ್ಚಿದೆ. ಅವರು ಎಪಿಎಂಸಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡುವವರು. ಅಂಗಡಿ ಇದ್ದ ಹಾಗೇ ಬಿಟ್ಟು, ಅಂಗಿಯ ಮೇಲೆ ಮೆಣಸಿನಕಾಯಿ ಧೂಳು ಹೊತ್ತುಕೊಂಡೇ ಕಾರು ತಂದರು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಮೂವರೂ ಸೀನಿದ್ದೇ ಸೀನಿದ್ದು.

ಡಾಕ್ಟರಮ್ಮ ಬಿಪಿ ನೋಡಿ ನಮ್ಮನ್ನು ಪಕ್ಕಕ್ಕೆ ಕರೆದರು. "ತಾಯಿ ಕೂಸು ಇಬ್ಬರೂ ಉಳೀಬೇಕಂದ್ರ ಕೂಸನ್ನ ಈಗಽ ಹೊರಗ ತಗೀಬೇಕ್ರಿ" ಅಂದರು. ಅಳಿಯಂದಿರು ಸಹಿ ಹಾಕಿದರು. ನಾನು ಆಸ್ಪತ್ರೆಯ ಕುರ್ಚಿಯ ಮೇಲೆ ಕೂತು ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಒಬ್ಬರನ್ನೂ ಬಿಡಲಿಲ್ಲ.

ಹೆಣ್ಣು ಕೂಸು. ನನ್ನ ಮುಂದೆಯೇ ಒಬ್ಬರು ಸಿಸ್ಟರು ಅದನ್ನು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಲಗುಬಗೆಯಿಂದ ಮೇಲಿನ ಮಹಡಿಗೆ, ಗಾಜಿನ ಪೆಟ್ಟಿಗೆಯಲ್ಲಿ ಇಡಲು ಓಡಿದರು. ನನಗೆ ಕಂಡದ್ದು ಬಟ್ಟೆಯ ಗಂಟು ಮಾತ್ರ. ಮಗಳಿಗೆ ಅದೂ ಕಾಣಲಿಲ್ಲ, ಆಕೆಗೆ ಎಚ್ಚರವೇ ಇರಲಿಲ್ಲ. ಎಚ್ಚರವಾದ ಮೇಲೂ ಬಿಪಿ ಇಳಿಯಲಿಲ್ಲ. ಹಾಸಿಗೆ ಬಿಟ್ಟು ಏಳಬಾರದು, ಕುರ್ಚಿಯಲ್ಲಿ ಕೂಡಿಸಿ ಮೇಲೆ ಒಯ್ಯುವ ಮಾತೂ ಈಗಲೇ ಬೇಡ ಎಂದರು ಡಾಕ್ಟರಮ್ಮ. ಕೂಸು ಮೇಲಿನ ಮಹಡಿಯಲ್ಲಿ, ಹಡೆದವಳು ಕೆಳಗಿನ ಮಹಡಿಯಲ್ಲಿ. ನಡುವೆ ಮೆಟ್ಟಿಲು, ಆ ಮೆಟ್ಟಿಲ ಮೇಲೆ ನಾನು.

ಮರುದಿನ ಮೇಲಿನ ಸಿಸ್ಟರು ನನ್ನನ್ನು ಕರೆದು ಹೇಳಿದರು. "ಅಜ್ಜೀ, ಕೂಸಿಗೆ ತಾಯಿ ಹಾಲು ಬೇಕ್ರಿ. ಇಷ್ಟ ಸಣ್ಣ ಕೂಸಿಗೆ ಅದಽ ಔಷಧ. ನಾಕು ಹನಿ ಬಂದ್ರೂ ಸಾಕು, ನಾವು ನಳಿಗ್ಯಾಗ ಹಾಕ್ತೇವಿ."

"ಅಕಿಗೆ ಹಾಲಽ ಬರವಲ್ದ್ರಿ. ಕೈಲೆ ಹಿಂಡಿ ಹಿಂಡಿ ಸಾಕಾಗೇತಿ, ಬಟ್ಟಲಾ ಒಣಾ ಒಣಾ ಐತಿ."

"ಕೂಸಿನ ಮಾರಿ ನೋಡಲಾರದ ಹೆಂಗ ಬರತೈತ್ರಿ? ಒಂದ ಫೋಟೊ ತಗೊಂಡ ಹೋಗಿ ತೋರಸ್ರಿ. ಖರೇನ ಹಾಲು ಇಳೀತೈತಿ. ಫ್ಲ್ಯಾಶ್ ಅಷ್ಟ ಹಾಕಬ್ಯಾಡ್ರಿ."

ಫೋಟೊ! ಐದೇಶಿಗೆ ಇನ್ನೂ ದಿನವಿತ್ತು. ನನ್ನ ನಾಲಗೆಯ ತುದಿಗೆ "ಬ್ಯಾಡ್ರಿ" ಬಂದಿತ್ತು. ಆದರೆ ಕೆಳಗೆ ಒಣ ಬಟ್ಟಲು ಹಿಡಿದುಕೊಂಡು ಮಲಗಿದವಳು ಕಣ್ಣ ಮುಂದೆ ಬಂದಳು. "ಶೆಟಿಗೆವ್ವಾ, ಒಂದೀಟ ಹೊಟ್ಟ್ಯಾಗ ಹಾಕ್ಕೊಳವ್ವಾ" ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಫೋಟೊ ತೆಗೆಯಲು ಮೊದಲು ಹೋದವರು ಅಳಿಯಂದಿರು. ಆರಡಿ ಎತ್ತರದ ಮನುಷ್ಯ, ಮೀಸೆ ನೋಡಿದರೆ ಪೊಲೀಸರೂ ದಾರಿ ಬಿಡಬೇಕು. ಬಾಗಿಲು ತೆರೆದು ಒಳಗೆ ಇಣುಕಿದ್ದಷ್ಟೇ, ಮುಖ ಸುಣ್ಣ ಹಚ್ಚಿದ ಗೋಡೆಯಾಯಿತು, ಬಾಗಿಲಿಗೇ ಒರಗಿ ಕುಸಿದು ಕೂತರು. ಸಿಸ್ಟರು ನೀರು ಕೊಟ್ಟು, ಗಾಳಿ ಹಾಕಿ ಎಬ್ಬಿಸಿದರು. "ಅತ್ತಿ, ನನ್ನ ಕೈಲೆ ಆಗಂಗಿಲ್ರಿ. ನೀವಽ ಹೋಗ್ರಿ" ಎಂದು ಕಣ್ಣೊರೆಸಿಕೊಂಡು ಕಾರಿಡಾರಿನ ಕೊನೆಗೆ ಹೋಗಿ ನಿಂತುಬಿಟ್ಟರು.

ಹಾಗಾಗಿ ಫೋಟೊ ತೆಗೆಯುವ ಪಾಳಿ ನನಗೆ ಬಂತು. ನನ್ನ ಫೋನು ಮಗಳೇ ಕೊಡಿಸಿದ್ದು. ನಾನು ತೆಗೆದ ಫೋಟೊಗಳಲ್ಲಿ ಈವರೆಗೆ ಯಾರ ತಲೆಯೂ ಪೂರ್ತಿ ಬಂದದ್ದಿಲ್ಲ, ನನ್ನ ಹೆಬ್ಬೆರಳು ಮಾತ್ರ ಎಲ್ಲದರಲ್ಲೂ ಬಂದಿದೆ. ಕೈ ತೊಳೆದು, ಅವರು ಕೊಟ್ಟ ನಿಲುವಂಗಿ ತೊಟ್ಟು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒಳಗೆ ಹೋದೆ.

ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಕೂಸು. ಮೈಯ ಮೇಲೆ ಬಟ್ಟೆಯಿಲ್ಲ, ದೊಡ್ಡದಾದ ಡೈಪರೊಂದಿದೆ. ಮೂಗಿನಿಂದ ಹೊಟ್ಟೆಗೆ ಇಳಿದ ಸಣ್ಣ ನಳಿಗೆ. ಆ ನಳಿಗೆ ಜಾರದಂತೆ ಗಲ್ಲಕ್ಕೆ ಅಂಟಿಸಿದ ಬಿಳಿ ಪಟ್ಟಿ. ಎದೆಯ ಮೇಲೆ ವೈರುಗಳು. ಒಂದು ಪಾದಕ್ಕೆ ಕೆಂಪು ದೀಪ ಕಟ್ಟಿದ್ದಾರೆ. ಅಯ್ಯೋ ನನ್ನ ಕಂದಾ, ಬಂದ ಕೂಡಲೇ ಇಷ್ಟೆಲ್ಲ ಕಟ್ಟಿಬಿಟ್ಟರಲ್ಲ ನಿನಗೆ ಎಂದು ಅತ್ತೆ. ಮಾಸ್ಕಿನೊಳಗೆ ಅತ್ತರೆ ಕನ್ನಡಕ ಮಂಜಾಗುತ್ತದೆ, ಏನೂ ಕಾಣುವುದಿಲ್ಲ. ಇದನ್ನು ನನ್ನ ಮಗಳಿಗೆ ತೋರಿಸಲಾರೆ ಅಂದುಕೊಂಡೆ. ಅವಳ ಬಿಪಿ ಇನ್ನೂ ಮೇಲೇ ಇದೆ, ಇದನ್ನು ನೋಡಿದರೆ ಎದೆ ಒಡೆದುಕೊಳ್ಳುತ್ತಾಳೆ.

ದೀಪ ಕಟ್ಟಿರದ ಇನ್ನೊಂದು ಪಾದ ಇತ್ತಲ್ಲ, ಅದರದಷ್ಟೇ ಫೋಟೊ ತೆಗೆದೆ.

ಮಗಳು ಆ ಪಾದವನ್ನು ನೋಡಿದ್ದೇ ನೋಡಿದ್ದು. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಇಷ್ಟಽ ಐತೇನವ್ವಾ? ನನ್ನ ಹೆಬ್ಬೆಟ್ಟಿನಷ್ಟಽ ಐತಲ್ಲ!" ಅಂದಳು. ಬೆರಳು ಐದೂ ಇವೆಯಾ ಎಂದು ಎಣಿಸಿದಳು. ಆಮೇಲೆ ಕೇಳಿದಳು, "ಮಾರಿ ಎಲ್ಲೆ?"

"ಆಕಡೆ ಹೊಳ್ಳಿ ಮಲಗಿತ್ತವ್ವಾ. ಎಬಸಬಾರದಂತ."

ಮುಂದಿನ ಸಲ ಮುಷ್ಟಿ ಕಟ್ಟಿದ ಕೈ ತೆಗೆದು ತಂದೆ. ಅದರ ಮುಂದಿನ ಸಲ ಕಿವಿ. ಕಿವಿಯೇನು, ಎಳೆ ಎಲೆ ಸುರುಳಿ ಬಿಚ್ಚಿದ ಹಾಗಿತ್ತು. ವೈರು ಬಾರದಂತೆ, ಪಟ್ಟಿ ಬಾರದಂತೆ, ನಳಿಗೆ ಬಾರದಂತೆ ಫೋನನ್ನು ಅತ್ತ ಇತ್ತ ಓರೆ ಮಾಡಿ ಹಿಡಿಯುವುದರಲ್ಲಿ ನಾನು ಪಳಗಿಬಿಟ್ಟೆ. ಮಗಳು ಪ್ರತಿಸಲವೂ ನೋಡಿದಳು, ಪ್ರತಿಸಲವೂ ಮುಖ ಎಲ್ಲಿ ಎಂದಳು. ಬಟ್ಟಲು ಒಣಗಿಯೇ ಇತ್ತು.

ಇನ್ನು ಮುಖ ತೆಗೆಯದೆ ಗತಿಯಿಲ್ಲ ಎನ್ನಿಸಿತು. ಪಟ್ಟಿ ಇದ್ದದ್ದು ಒಂದು ಗಲ್ಲಕ್ಕೆ. ಇನ್ನೊಂದು ಬದಿಯಿಂದ ತೆಗೆದರೆ ಅರ್ಧ ಮುಖ ಸಿಗುತ್ತದೆ. ಆದರೆ ಮುಖದ ಫೋಟೊ ಅಂದರೆ ದೃಷ್ಟಿಯ ಪ್ರಶ್ನೆ. ಪಾದದ ಮಾತು ಬೇರೆ, ಪಾದಕ್ಕೆ ಯಾರ ಕಣ್ಣು ಬೀಳುತ್ತದೆ? ನನ್ನ ಚೀಲದಲ್ಲಿ ಮನೆಯಲ್ಲೇ ಮಾಡಿದ ಕಾಡಿಗೆಯ ಡಬ್ಬಿ ಇತ್ತು. ಔಡಲೆಣ್ಣೆಯ ದೀಪದ ಮಸಿ ಹಿಡಿದು, ತುಪ್ಪದಲ್ಲಿ ಕಲಸಿ, ಮೊಮ್ಮಗಳ ಗಲ್ಲಕ್ಕೆಂದೇ ಮಾಡಿ ಇಟ್ಟದ್ದು.

"ಸಿಸ್ಟರ್, ಒಂದ ಸಣ್ಣ ಬೊಟ್ಟು. ಅಂಗಾಲಿಗೆ ಹಚ್ಚತೇನ್ರಿ, ಯಾರಿಗೂ ಕಾಣಂಗಿಲ್ಲ."

"ಏನೂ ಹಚ್ಚಂಗಿಲ್ಲಜ್ಜಿ. ಡಬ್ಬಿ ಒಳಗಽ ತರಂಗಿಲ್ಲ. ಕೂಸಿಗೆ ಇನ್ಫೆಕ್ಷನ್ ಆದ್ರ ಯಾರು ಹೊಣಿ?"

ಹೊರಗೆ ಬಂದು ಯೋಚನೆ ಮಾಡಿದೆ. ಕೂಸಿಗೆ ಹಚ್ಚುವ ಹಾಗಿಲ್ಲ, ಸರಿ. ಆದರೆ ಫೋಟೊ ಇರುವುದು ಫೋನಿನಲ್ಲಿ, ದೃಷ್ಟಿ ಬೀಳುವುದೂ ಫೋನಿನ ಮೇಲೆ. ಹಾಗಾದರೆ ಬೊಟ್ಟು ಫೋನಿಗೇ ಇಟ್ಟರಾಯಿತು! ಎಂಥ ಬುದ್ಧಿ ಓಡಿತು ನನಗೆ ಎಂದು ನಾನೇ ಬೀಗಿದೆ. ಫೋನಿನ ಬೆನ್ನಿಗೆ, ಮೇಲ್ತುದಿಯಲ್ಲಿ, ಹಣೆ ಅನ್ನಬಹುದಾದ ಜಾಗದಲ್ಲಿ ಒಂದು ದುಂಡನೆಯ ಬೊಟ್ಟು ಇಟ್ಟೆ. ಕ್ಯಾಮೆರಾದ ಕಣ್ಣು ಅಲ್ಲೇ ಪಕ್ಕದಲ್ಲಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ತುಪ್ಪದ ಕಾಡಿಗೆ, ನನ್ನ ಬೆರಳು ತಗುಲಿ ಕ್ಯಾಮೆರಾದ ಗಾಜಿನ ಮೇಲೆಲ್ಲ ಹರಡಿತ್ತು. ಒಳಗೆ ಹೋಗಿ ಅರ್ಧ ಮುಖ ತೆಗೆದೆ. ಕನ್ನಡಕ ಮಂಜಾಗಿತ್ತು, ಏನು ಬಂತು ಏನು ಬಿಟ್ಟಿತು ನೋಡಲಿಲ್ಲ. ಮುಖ ಸಿಕ್ಕಿತಲ್ಲ ಎಂಬ ಸಡಗರದಲ್ಲಿ ಮೆಟ್ಟಿಲಿಳಿದು ಬಂದು ಮಗಳ ಕೈಗೆ ಕೊಟ್ಟೆ.

"ತಗೋ, ಮಾರಿ ಮಾರಿ ಅಂತಿದ್ದೆಲ್ಲ."

ಮಗಳು ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಆಕೆಯ ಮುಖ ಅರಳಲಿ ಎಂದು ಕಾದು ನಿಂತೆ. ಅದು ಅರಳಲಿಲ್ಲ.

"ಅವ್ವಾ, ಬಾಯಿಗೆ ಏನಾಗೇತಿ?"

"ಏನೂ ಆಗಿಲ್ಲ. ಯಾಕ?"

ಫೋನನ್ನು ನನ್ನ ಕಡೆ ತಿರುಗಿಸಿದಳು. ಒಂದು ಮುಚ್ಚಿದ ಕಣ್ಣು, ಸ್ವಲ್ಪ ಹಣೆ. ಅದರ ಕೆಳಗೆ ಕಪ್ಪು ಹೊಗೆ. ಮೂಗು, ಬಾಯಿ, ಗದ್ದ ಎಲ್ಲವನ್ನೂ ಹೊಗೆ ನುಂಗಿತ್ತು. ನನಗೂ ಏನೂ ತಿಳಿಯಲಿಲ್ಲ. "ಬೆಳಕು ಕಡಿಮಿ ಇತ್ತವ್ವಾ" ಎಂದು ತೊದಲಿದೆ.

"ನನ್ನ ಮುಂದ ಸುಳ್ಳು ಹೇಳಬ್ಯಾಡ. ಒಂದ ಪಾದ, ಒಂದ ಕೈ, ಒಂದ ಕಿವಿ. ಮಾರಿ ಬೇಕಂದ್ರ ಹೊಗಿಯಾಗ ಮುಚ್ಚಿಕೊಂಡ ಬಂದೀ. ಇವರನ್ನ ಕೇಳಿದ್ರ 'ಛಲೋ ಐತಿ, ಛಲೋ ಐತಿ' ಅಂದು ಕಣ್ಣೀರ ಒರಸಿಕೋತ ಹೊರಗ ಹೋಗ್ತಾರ. ಇವೆಲ್ಲಾ ಮೊದಲ ದಿನಾನ ತಗದಿಟ್ಟಿ ನೀ. ಒಂದೊಂದಽ ತೋರಸಾಕತ್ತೀ." ಆಕೆಯ ಧ್ವನಿ ಸಣ್ಣದಾಯಿತು. "ಕೂಸು ಐತೋ ಇಲ್ಲೋ, ಅಷ್ಟ ಹೇಳವ್ವಾ."

"ಬಿಡ್ತು ಅನ್ನು! ಬಿಡ್ತು ಅನ್ನಂದ್ರ! ಏನ ಮಾತಾಡ್ತಿ ಖೋಡಿ? ಐತಿ. ನನ್ನಾಣಿ ಐತಿ."

"ನಿನ್ನ ಆಣಿ ಬ್ಯಾಡ ನನಗ. ಪೂರಾ ಫೋಟೊ ತಾ."

ಆಕೆ ಗೋಡೆಯ ಕಡೆ ತಿರುಗಿಕೊಂಡಳು. ನಾನು ತಂದಿದ್ದ ಗಂಜಿ ಮುಟ್ಟಲಿಲ್ಲ. ಹಾಲಿನ ಬಟ್ಟಲು ಹತ್ತಿರ ಒಯ್ದರೆ ಕೈಯಿಂದ ದೂಡಿದಳು. "ಯಾರಿಗೆ ಹಾಲು?" ಅಂದಳು. ಬಿಪಿ ನೋಡಲು ಬಂದ ಡಾಕ್ಟರಮ್ಮ ಹುಬ್ಬು ಗಂಟು ಹಾಕಿದರು. "ಇಳಿಯಾಕತ್ತಿತ್ತಲ್ರಿ, ಮತ್ತ ಯಾಕ ಏರೇತಿ? ಇವರನ್ನ ಸಮಾಧಾನದಾಗ ಇಡ್ರಿ ಅಂತ ಹೇಳಿದ್ದೆ" ಎಂದು ನನ್ನ ಕಡೆ ನೋಡಿದರು. ಸಮಾಧಾನಕ್ಕೆಂದೇ ಅಲ್ಲವೆ ಇಷ್ಟೆಲ್ಲ ಮಾಡಿದ್ದು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳಿಯಂದಿರು ಅಲ್ಲೇ ಇದ್ದರು. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಲೇಬೇಕಿತ್ತು, ಕೈಗೆ ಸಿಕ್ಕವರು ಅವರು.

"ಅಳಿಯಂದ್ರ, ನಿಮ್ಮ ಕಣ್ಣೀರಿಗೆ ಒಂದ ಕಟ್ಟಿ ಹಾಕ್ರಿ ಮೊದಲ. ಅಕಿ ಮುಂದ ನಿಂತು ಅತ್ತ್ರ ಅಕಿ ಏನ ತಿಳಕೋಬೇಕು? ಕೂಸು ಹೋಗೇತಿ ಅಂತ ತಿಳಕೊಂಡಾಳ."

ಅವರು ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಕೇಳಿದರು. "ಅತ್ತಿ, ನೀವು ನಳಿಗಿ ಗಿಳಿಗಿ ಇದ್ದದ್ದು ತೋರಿಸೀರೇನ್ರಿ ಅಕಿಗೆ?"

"ಹೆಂಗ ತೋರಸ್ಲಿ? ಅಕಿ ಸಣ್ಣಾಕಿದ್ದಾಗ ಕಾಲಾಗ ಮುಳ್ಳ ಮುರದ್ರ ಸೂಜಿ ನೋಡಿ ಓಣಿ ಕೂಡಿಸ್ತಿದ್ದಳು."

ಹಾಗೆ ಹೇಳುತ್ತಿರುವಾಗಲೇ ನನ್ನ ಮಾತು ನನ್ನ ಕಿವಿಗೇ ಒಂದು ಥರ ಕೇಳಿಸಿತು. ಮುಳ್ಳು ಮುರಿಸಿಕೊಂಡ ಹುಡುಗಿ ಎಲ್ಲಿದ್ದಾಳೆ ಈಗ? ನಾನು ಕೂಸನ್ನು ಮೊದಲ ಸಲ ನೋಡಿದಾಗ ಅತ್ತೆ. ಎರಡನೆಯ ಸಲ ನೋಡಿದಾಗ ನಳಿಗೆ ಕಂಡಿತು. ಮೂರನೆಯ ಸಲದ ಹೊತ್ತಿಗೆ ನಳಿಗೆಯೂ ಇಲ್ಲ, ಪಟ್ಟಿಯೂ ಇಲ್ಲ, ನನ್ನ ಮೊಮ್ಮಗಳು ಮಾತ್ರ ಇದ್ದಳು. ಅಜ್ಜಿಯಾದ ನಾನು ನೋಡಿ ತಾಳಿಕೊಳ್ಳಬಲ್ಲೆ, ಹಡೆದವಳು ತಾಳಲಾರಳು ಎಂದು ನನಗೆ ಹೇಳಿದವರು ಯಾರು? ಆಕೆ ನನಗೆ ಮಗಳು, ಖರೆ. ಆ ಪೆಟ್ಟಿಗೆಯಲ್ಲಿ ಮಲಗಿದ್ದಕ್ಕೆ ಆಕೆ ತಾಯಿ. ಇದು ನನಗೆ ಆ ಮೆಟ್ಟಿಲ ಮೇಲೆ ಕೂತಾಗ ತಿಳಿಯಿತು.

"ಏಳ್ರಿ," ಅಂದೆ. "ಪೂರಾ ಫೋಟೊ ತಗಿಯೂಣು ನಡೀರಿ."

"ನಾನೂ ಬರ್ತೇನ್ರಿ ಅತ್ತಿ. ಬರೇ ಫೋಟೊ ಬ್ಯಾಡ್ರಿ, ವಿಡಿಯೋ ಮಾಡೂಣು. ಉಸರಾಡೂದು ಕಾಣತೈತಿ. ಆವಾಗ ಅಕಿ ನಂಬತಾಳ." ಆ ಮನುಷ್ಯ ಅಷ್ಟು ದಿನದಲ್ಲಿ ಆಡಿದ ಮೊದಲ ಉಪಯೋಗದ ಮಾತು ಅದು.

ಮೇಲಿನ ಸಿಸ್ಟರಿಗೆ ನಡೆದದ್ದು ಹೇಳಿ, ಆ ಹೊಗೆಯ ಫೋಟೊ ತೋರಿಸಿದೆ. ಅವರು ಫೋನು ತಿರುಗಿಸಿ ನೋಡಿದರು. ಹಿಂದೆ ಬೊಟ್ಟು ನೋಡಿದರು. ನನ್ನ ಮುಖ ನೋಡಿದರು.

"ಅಜ್ಜೀ, ಫೋನಿಗೆ ದೃಷ್ಟಿ ಬೊಟ್ಟು ಇಟ್ಟೀರೇನ್ರಿ?"

"ಮತ್ತ ಕೂಸಿಗೆ ಇಡಾಕ ನೀವು ಬಿಡಲಿಲ್ಲಲ್ಲ!" ಎಂದು ನಾನೂ ಬಿಡಲಿಲ್ಲ.

ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಳಿಯಂದಿರೂ ನಕ್ಕರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನಾನು ಹಚ್ಚಿದ ಬೊಟ್ಟಿನಿಂದ ನನ್ನ ಮಗಳು ತನ್ನ ಕೂಸು ಸತ್ತಿದೆ ಎಂದುಕೊಂಡು ಕೆಳಗೆ ಮಲಗಿದ್ದಾಳೆ ಎಂದು ನೆನೆದಾಗ ನಗು ಎಲ್ಲಿಂದ ಬರಬೇಕು? ಸಿಸ್ಟರು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಕ್ಯಾಮೆರಾದ ಕಣ್ಣನ್ನು ಉಜ್ಜಿ ಉಜ್ಜಿ ಒರೆಸಿಕೊಟ್ಟರು. "ಕೂಸಿನ ಪಟ್ಟಿ ಬದಲಿ ಮಾಡೂದೈತಿ. ಅಷ್ಟರಾಗ ತಗೋರಿ" ಅಂದರು.

ಅಳಿಯಂದಿರು ಒಳಗೆ ಬಂದವರು ಮೊದಲು ಛಾವಣಿ ನೋಡಿದರು, ಆಮೇಲೆ ನೆಲ ನೋಡಿದರು. ನನ್ನ ಮೊಣಕೈ ಹಿಡಿದುಕೊಂಡರು. ನನಗೆ ಆಸರೆಯೆಂದು ಹಿಡಿದರೋ, ತಮಗೆ ಆಸರೆಯೆಂದು ಹಿಡಿದರೋ ಕೇಳಲಿಲ್ಲ. ನಾನು ಫೋನನ್ನು ನೇರ ಹಿಡಿದೆ, ತಲೆಯಿಂದ ಪಾದದವರೆಗೆ ಎಲ್ಲ ಬರುವ ಹಾಗೆ. ನಳಿಗೆ ಬಂತು, ವೈರು ಬಂತು, ಕೆಂಪು ದೀಪವೂ ಬಂತು. ಸಿಸ್ಟರು ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ಗಲ್ಲದ ಪಟ್ಟಿಯನ್ನು ಮೆಲ್ಲಗೆ ಎತ್ತಿದರು. ಕೂಸು ಮುಖ ಕಿವುಚಿತು. ಒಂದು ಸೀನು ಸೀನಿತು.

"ನೂರು ವರ್ಷ ಬಾಳವ್ವಾ!" ಎಂದು ನನ್ನ ಬಾಯಿಂದ ತಾನಾಗಿ ಬಂತು.

ಪಟ್ಟಿಯ ಇನ್ನೊಂದು ತುದಿ ಎತ್ತಿದ್ದೇ ತಡ, ಬಾಯಿ ತೆರೆದು ಅತ್ತಿತು. ಅಷ್ಟು ದಿನದಲ್ಲಿ ನಾನು ಅದರ ಅಳು ಕೇಳಿದ್ದು ಅದೇ ಮೊದಲು. ಬೆಕ್ಕಿನ ಮರಿಯ ಹಾಗೆ ಸಣ್ಣ ದನಿ, ಆದರೆ ಸಿಟ್ಟು ಮಾತ್ರ ಥೇಟ್ ನಮ್ಮ ಮನೆಯದು. "ಸಾವಕಾಶ್ರಿ, ಸಾವಕಾಶ್ರಿ! ಚರ್ಮಾ ಕಿತ್ತೀತು!" ಎಂದು ನಾನು ಸಿಸ್ಟರನ್ನು ಗದರಿದ್ದೂ ವಿಡಿಯೋದಲ್ಲಿ ಬಂದಿದೆ. ಪಕ್ಕದಲ್ಲಿ ಅಳಿಯಂದಿರು "ಅಳಬ್ಯಾಡ ಪುಟ್ಟಿ, ಅಳಬ್ಯಾಡ" ಎನ್ನುತ್ತಾ ತಾವೇ ಗಳಗಳ ಅಳುತ್ತಿರುವುದೂ ಬಂದಿದೆ. ಈ ಸಲ ಅವರು ಛಾವಣಿ ನೋಡುತ್ತಿರಲಿಲ್ಲ.

ಕೆಳಗೆ ಬಂದೆವು. ಮಗಳು ಇನ್ನೂ ಗೋಡೆಯ ಕಡೆಗೇ ಇದ್ದಳು. ಈ ಸಲ ನಾನು ಸಡಗರ ತೋರಿಸಲಿಲ್ಲ.

"ಮೊದಲಽ ಹೇಳ್ತೇನಿ ಕೇಳು," ಅಂದೆ. "ಮೂಗಿನ್ಯಾಗ ನಳಿಗಿ ಐತಿ. ಗಲ್ಲಕ್ಕ ಪಟ್ಟಿ ಹಚ್ಯಾರ. ಎದಿ ಮ್ಯಾಲೆ ವೈರ್ ಅದಾವು. ಅದನ್ನೆಲ್ಲಾ ನೋಡಿ ನೀ ಹೆದರ್ತೀ ಅಂತ ನಾನಽ ಮುಚ್ಚಿಟ್ಟಿದ್ದೆ. ಆ ಹೊಗಿ ಏನಂದ್ರ, ನಾ ಫೋನಿಗೆ ಕಾಡಿಗಿ ಹಚ್ಚಿದ್ದೆ. ಆಮ್ಯಾಲೆ ನನ್ನ ಬೈಯಂತಿ. ಈಗ ನೋಡು."

ಆಕೆ ಫೋನು ತೆಗೆದುಕೊಂಡಳು. ನಾನು ಹಾಸಿಗೆಯ ಕಂಬಿ ಹಿಡಿದು ನಿಂತೆ. ಸೀನು ಕೇಳಿಸಿತು. ಅಳು ಕೇಳಿಸಿತು. ನನ್ನ ಗದರಿಕೆ ಕೇಳಿಸಿತು. ಮಗಳ ಮುಖದಲ್ಲಿ ಏನೂ ಅಲುಗಾಡಲಿಲ್ಲ, ಕಣ್ಣು ಮಾತ್ರ ಪರದೆಗೆ ಅಂಟಿತ್ತು. ಮುಗಿಯಿತು. "ಇನ್ನೊಮ್ಮೆ ಹಚ್ಚು" ಅಂದಳು. ಹಚ್ಚಿದೆ. "ಇನ್ನೊಮ್ಮೆ." ಹಚ್ಚಿದೆ. ಈ ಸಲ ಪರದೆಯ ಮೇಲೆ ಬೆರಳಿಟ್ಟು, ಎದೆ ಏರಿಳಿಯುವುದನ್ನು ತೋರಿಸಿದಳು.

"ಉಸರಾಡಾಕತ್ತೇತಲ್ಲವ್ವಾ."

"ಹೂಂ ಮತ್ತ!"

"ಎಷ್ಟ ಸಿಟ್ಟಲೆ ಅಳತೈತಿ!" ಈಗ ಆಕೆ ನಕ್ಕಳು, ನಗುತ್ತಲೇ ಅತ್ತಳು. "ಇಷ್ಟ ಚೆಂದ ಐತಿ ಕೂಸು. ಇದನ್ಯಾಕ ಮುಚ್ಚಿಟ್ಟಿದ್ದೀ ನೀ?"

ಚೆಂದ ಐತಿ ಅನ್ನಬಾರದು ಎಂದು ನಾನು ಹೇಳಲಿಲ್ಲ. ನಾನು ಹೆದರಿ ಅಷ್ಟು ಕಷ್ಟಪಟ್ಟು ಬಚ್ಚಿಟ್ಟ ನಳಿಗೆಯ ಬಗ್ಗೆ ಆಕೆ ಒಂದು ಮಾತೂ ಕೇಳಿರಲಿಲ್ಲ.

ನಾಲ್ಕನೆಯ ಸಲ ವಿಡಿಯೋ ಹಚ್ಚಿದಾಗ, ಕೂಸಿನ ಅಳು ಶುರುವಾಗುತ್ತಿದ್ದ ಹಾಗೆ ಮಗಳು ತಟ್ಟನೆ ಎದೆಗೆ ಕೈ ಒತ್ತಿದಳು. ಆಸ್ಪತ್ರೆಯ ಅಂಗಿಯ ಮುಂಭಾಗ ಒದ್ದೆಯಾಗುತ್ತಿತ್ತು. ತಾಯಿ ಮಗಳಿಬ್ಬರೂ ಅದನ್ನೇ ನೋಡಿದೆವು.

"ಅವ್ವಾ, ಬಟ್ಟಲಾ! ಲಗೂ ತ್ವಾ!"

ಅಳಿಯಂದಿರು ಹೊರಗೆ ಓಡಿದರು. ನಾನು ಬಟ್ಟಲು ಹಿಡಿದೆ. ಬಂದದ್ದು ಬಟ್ಟಲಿನ ತಳ ಮುಚ್ಚುವಷ್ಟು. ಹಳದಿ ಬಣ್ಣದ, ಗಟ್ಟಿಯಾದ ಗಿಣ್ಣದಂಥ ಹಾಲು. ಅದನ್ನು ನೋಡಿ ನನ್ನ ಮಗಳು ಊರು ಗೆದ್ದವರ ಹಾಗೆ ದಿಂಬಿಗೆ ಒರಗಿದಳು. ನಾನು ಬಟ್ಟಲಿಗೆ ಮುಚ್ಚಳ ಹಾಕಿ, ಸೆರಗು ಮುಚ್ಚಿ ಬಾಗಿಲಿನತ್ತ ಹೊರಟೆ.

"ಅವ್ವಾ, ತಡಿ," ಎಂದು ಕರೆದಳು. "ಫೋನ್ ಒಯ್ಯಿ. ಆ ನಳಿಗೀದು ಒಂದ ಫೋಟೊ ತಗೊಂಡ ಬಾ. ನನ್ನ ಹಾಲು ಅದರಾಗ ಇಳಿಯೂದು ನಾ ನೋಡಬೇಕು."

ಲಿಫ್ಟಿನಲ್ಲಿ ಯಾರಾದರೂ ಮೈಗೆ ತಾಗಿಯಾರು ಎಂದು ಮೆಟ್ಟಿಲು ಹತ್ತಿಯೇ ಹೋದೆ. ಸಿಸ್ಟರು ಹಾಲನ್ನು ಸಿರಿಂಜಿಗೆ ತುಂಬಿಕೊಂಡು, ನಳಿಗೆಯ ತುದಿಗೆ ಸಿಕ್ಕಿಸಿ ಮೇಲೆತ್ತಿ ಹಿಡಿದರು. ನಾನು ಪೆಟ್ಟಿಗೆಯ ಹತ್ತಿರಕ್ಕೆ ಹೋಗಿ ಫೋನನ್ನು ನಳಿಗೆಯ ಎದುರಿಗೇ ಹಿಡಿದೆ. ಹಾಲು ಮೆಲ್ಲಮೆಲ್ಲಗೆ ಇಳಿಯತೊಡಗಿತು. ಮೂಗಿನ ಹತ್ತಿರ ಬಂತು, ಒಳಗೆ ಹೋಯಿತು. ಕೂಸು ಕಣ್ಣು ಮುಚ್ಚಿಕೊಂಡೇ ತುಟಿ ಚಪ್ಪರಿಸಿತು.